‘ಚಾರ್ಜ್’ ಅಂದರೆ ಯಾರ ತಲೆ ಮೇಲಿನ ಹೊರೆ?



ಇಂಗ್ಲಿಷ್ ಓದಲು ಬಾರದವರೂ ದಿನಕ್ಕೆ ಹತ್ತು ಸಲ ಆಡುವ ಇಂಗ್ಲಿಷ್ ಪದ ‘ಚಾರ್ಜ್’. ಮೊಬೈಲಿಗೆ ಚಾರ್ಜ್ ಇಲ್ಲ ಅಂತೀವಿ. ಬಸ್ ಚಾರ್ಜ್ ಎಷ್ಟು ಅಂತ ಕೇಳ್ತೀವಿ. ಶಾಲೆಗೆ ಬಂದ ಹೊಸ ಹೆಡ್‌ಮಾಸ್ತರರು ಚಾರ್ಜ್ ತಗೊಂಡರು, ಪೇಟೆಯಲ್ಲಿ ಲಾಠಿ ಚಾರ್ಜ್ ಆಯಿತು, ಪಕ್ಕದೂರಿನ ಕೇಸಿನಲ್ಲಿ ಚಾರ್ಜ್‌ಶೀಟ್ ಬಿತ್ತು, ಬ್ಯಾಂಕಿನವರು ಸಂಘದ ಖಾತೆಯಿಂದ ಸರ್ವಿಸ್ ಚಾರ್ಜ್ ಮುರಿದುಕೊಂಡರು. ಪದ ಒಂದೇ, ಅರ್ಥ ಆರು. ಮೊಬೈಲಿನ ಚಾರ್ಜ್ ತಪ್ಪಾಗಿ ತಿಳಿದರೆ ನಷ್ಟವೇನಿಲ್ಲ. ಆದರೆ ಸಾಲದ ಕಾಗದದಲ್ಲೋ ಜಮೀನಿನ ಪತ್ರದಲ್ಲೋ ಇರುವ ‘ಚಾರ್ಜ್’ ಏನೆಂದು ತಿಳಿಯದೆ ಸಹಿ ಹಾಕಿದರೆ ಅದನ್ನು ವರ್ಷಗಟ್ಟಲೆ ನಾವೇ ಹೊರಬೇಕಾಗುತ್ತದೆ. ಆದುದರಿಂದ ಈ ಬಾರಿಯ ಪಾಠಕ್ಕೆ ಈ ಪದವನ್ನೇ ಆರಿಸಿಕೊಂಡಿದ್ದೇವೆ.

ಮೊದಲು ಇದರ ಮೂಲ ನೋಡೋಣ. ಹಳೆಯ ಲ್ಯಾಟಿನ್ ಭಾಷೆಯಲ್ಲಿ ‘ಕಾರ್ರುಸ್’ ಎಂದರೆ ಗಾಡಿ. ಗಾಡಿಗೆ ಸರಕು ಹೇರುವುದಕ್ಕೆ ಅದರಿಂದಲೇ ಒಂದು ಪದ ಹುಟ್ಟಿತು. ಆ ಪದ ಫ್ರೆಂಚ್ ಭಾಷೆಯನ್ನು ದಾಟಿ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ನಾವು ಹತ್ತುವ ‘ಕಾರು’, ಹಡಗಿನಲ್ಲಿ ಹೋಗುವ ‘ಕಾರ್ಗೋ’ ಇದರ ಅಕ್ಕತಂಗಿಯರೇ. ಅಂದರೆ ಚಾರ್ಜ್ ಎಂಬುದರ ಹೊಟ್ಟೆಯೊಳಗಿನ ಅರ್ಥ ಹೇರುವುದು, ಹೊರೆ ಹೊರಿಸುವುದು.

ಇದು ತಿಳಿದರೆ ಆರು ಅರ್ಥವೂ ಒಂದೇ ಬಳ್ಳಿಯ ಕಾಯಿಗಳಂತೆ ಕಾಣುತ್ತವೆ. ನಮ್ಮ ಕನ್ನಡವೂ ಹೀಗೇ ಮಾಡುತ್ತದೆ, ಗಮನಿಸಿದ್ದೀರಾ? ತಲೆ ಮೇಲೆ ಹುಲ್ಲಿನ ಹೊರೆ ಹೊರುತ್ತೇವೆ. ಸಂಘದ ಜವಾಬ್ದಾರಿಯನ್ನೂ ಹೊರುತ್ತೇವೆ, ಸಾಲವನ್ನೂ ಹೊರುತ್ತೇವೆ. ಇನ್ನೊಬ್ಬರ ಮೇಲೆ ಆರೋಪ ‘ಹೊರಿಸುತ್ತೇವೆ’. ಸರ್ಕಾರಿ ಕನ್ನಡದಲ್ಲಿ ಇನ್‌ಚಾರ್ಜ್ ಎಂಬುದಕ್ಕೆ ‘ಪ್ರಭಾರ’ ಎಂದಿದ್ದಾರೆ, ಜಮೀನಿನ ಮೇಲಿನ ಸಾಲಕ್ಕೆ ‘ಋಣಭಾರ’ ಎಂದಿದ್ದಾರೆ. ಎರಡರಲ್ಲೂ ಭಾರ ಇದೆ. ಇಂಗ್ಲಿಷರು ಗಾಡಿಗೆ ಹೇರಿದ್ದನ್ನು ನಾವು ತಲೆಗೆ ಹೇರಿಕೊಂಡೆವು, ಅಷ್ಟೇ ವ್ಯತ್ಯಾಸ.

ಸುಲಭದವನ್ನು ಬೇಗ ಮುಗಿಸೋಣ. ಬಂದೂಕಿಗೆ ಮದ್ದು ತುಂಬುವುದಕ್ಕೂ ಇಂಗ್ಲಿಷಿನಲ್ಲಿ ಚಾರ್ಜ್ ಎನ್ನುತ್ತಿದ್ದರು. ವಿದ್ಯುತ್ತಿನ ಪ್ರಯೋಗಗಳು ಶುರುವಾದ ಮೇಲೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿ ಅದೇ ಪದವನ್ನು ವಿದ್ಯುತ್ತಿಗೂ ಬಳಸಿದ. ನಮ್ಮ ಮೊಬೈಲಿಗೆ ಬಂದದ್ದು ಆ ಚಾರ್ಜೇ. ಲಾಠಿ ಚಾರ್ಜಿನ ಅರ್ಥ ಮೈಭಾರ ಹಾಕಿ ಮುನ್ನುಗ್ಗಿ ಮೇಲೆ ಬೀಳುವುದು. ಇನ್ನು ‘ಬಸ್ ಚಾರ್ಜ್’ ನಮ್ಮದೇ ಬಳಕೆ. ಇಂಗ್ಲಿಷಿನವರು ಬಸ್ಸಿನ ದುಡ್ಡಿಗೆ ‘ಫೇರ್’ ಅನ್ನುತ್ತಾರೆ. ನಾವು ಅಂದದ್ದೇನೂ ತಪ್ಪಲ್ಲ, ಕಂಡಕ್ಟರಿಗೆ ಅರ್ಥವಾದರೆ ಸಾಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ರಾಜ್ಯದ ಮಹಿಳೆಯರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಈ ಪ್ರಶ್ನೆ ಕೇಳುವುದನ್ನೇ ಬಿಟ್ಟರು. ಖಾಸಗಿ ಬಸ್ಸುಗಳೇ ಹೆಚ್ಚಿರುವ ಕರಾವಳಿಯ ಹಳ್ಳಿಗಳ ಅಕ್ಕಂದಿರು ಮಾತ್ರ ಇನ್ನೂ ಪರ್ಸ್ ಬಿಚ್ಚಬೇಕು.

ಈಗ ನಮಗೆ ಮುಖ್ಯವಾದದ್ದು: ಬ್ಯಾಂಕಿನ ಚಾರ್ಜ್.

ಬಡ್ಡಿ ಬೇರೆ, ಚಾರ್ಜ್ ಬೇರೆ. ಸಾಲದ ಹಣ ನಮ್ಮ ಕೈಯಲ್ಲಿ ಎಷ್ಟು ದಿನ ಇರುತ್ತದೋ ಅಷ್ಟು ದಿನದ ಬಾಡಿಗೆಯೇ ಬಡ್ಡಿ. ಬೇಗ ತೀರಿಸಿದರೆ ಅದು ಕಡಿಮೆಯಾಗುತ್ತದೆ. ಚಾರ್ಜ್ ಹಾಗಲ್ಲ. ಅರ್ಜಿ ನೋಡಿದ್ದಕ್ಕೆ, ಕಾಗದ ಮಾಡಿದ್ದಕ್ಕೆ, ಎಸ್ಸೆಮ್ಮೆಸ್ ಕಳಿಸಿದ್ದಕ್ಕೆ ಎಂದು ಒಂದೊಂದು ಕೆಲಸಕ್ಕೆ ಹಾಕುವ ದುಡ್ಡು ಅದು. ಬಡ್ಡಿ ಎಷ್ಟು ಎಂದು ನಾವೆಲ್ಲರೂ ಕೇಳುತ್ತೇವೆ, ಚಾರ್ಜ್ ಎಷ್ಟು ಎಂದು ಕೇಳುವವರು ಕಡಿಮೆ. ಸಾಲ ಕೊಡುವವರಿಗೆ ಇದು ಚೆನ್ನಾಗಿ ಗೊತ್ತು.

ಒಂದು ಉದಾಹರಣೆ ಲೆಕ್ಕ ಮಾಡೋಣ. 30,000 ರೂಪಾಯಿ ಸಾಲ ಮಂಜೂರಾಯಿತು ಎಂದುಕೊಳ್ಳಿ. ಪ್ರೊಸೆಸಿಂಗ್ ಚಾರ್ಜ್ ಶೇಕಡಾ 1, ಅಂದರೆ 300 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, 54 ರೂಪಾಯಿ. ವಿಮೆ ಎಂದು 600 ರೂಪಾಯಿ. ಕೈಗೆ ಬಂದದ್ದು 29,046. ಬಡ್ಡಿ ಲೆಕ್ಕ ಹಾಕುವುದು ಮಾತ್ರ ಪೂರ್ತಿ 30,000ಕ್ಕೆ! ಕೈಗೆ ಬಾರದ 954 ರೂಪಾಯಿಗೂ ನಾವು ಬಡ್ಡಿ ಕಟ್ಟುತ್ತೇವೆ. ಹೀಗಾಗಿ ಒಂದು ಕಡೆ ಬಡ್ಡಿ ಕಡಿಮೆ, ಇನ್ನೊಂದು ಕಡೆ ಹೆಚ್ಚು ಎಂದು ಹೋಲಿಸುವಾಗ ಬಡ್ಡಿಯೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ.

ಇದಕ್ಕೆ ನಿಯಮಗಳಿವೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕ್ 2022ರ ನಿಯಮದಲ್ಲಿ ಕಿರುಸಾಲ ಎಂದು ಕರೆದಿದೆ. ಅಂಥ ಸಾಲ ಕೊಡುವಾಗ ಬಡ್ಡಿ, ಚಾರ್ಜ್, ವಿಮೆ ಎಲ್ಲವನ್ನೂ ಬರೆದ ಒಂದು ವಿವರಪಟ್ಟಿಯನ್ನು ಸಾಲಗಾರರಿಗೆ ಕೊಡಲೇಬೇಕು. ಆ ನಿಯಮದಲ್ಲಿ ಅದಕ್ಕೆ ‘ಫ್ಯಾಕ್ಟ್‌ಶೀಟ್’ ಎಂಬ ಹೆಸರಿತ್ತು. ಆ ಪಟ್ಟಿಯಲ್ಲಿ ಬರೆಯದ ಒಂದು ಪೈಸೆಯನ್ನೂ ವಸೂಲು ಮಾಡುವಂತಿಲ್ಲ. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಕಂತು ತಡವಾದರೆ ತಡವಾದ ಮೊತ್ತದ ಮೇಲೆ ಮಾತ್ರ ದಂಡ ಹಾಕಬಹುದು, ಇಡೀ ಸಾಲದ ಮೇಲಲ್ಲ. ವಾರದ ಕಂತಿನ ಸಂಸ್ಥೆಯವರು ಮನೆ ಬಾಗಿಲಿಗೆ ಬಂದಾಗ “ಸಾರ್, ವಿವರಪಟ್ಟಿ ಕೊಡಿ” ಎಂದು ಕೇಳಲು ನಾಚಿಕೆ ಬೇಡ.

ದಂಡದ ವಿಷಯದಲ್ಲೂ ಪದ ಬದಲಾಗಿದೆ. ಮೊದಲು ಇದಕ್ಕೆ ‘ದಂಡ ಬಡ್ಡಿ’ ಅನ್ನುತ್ತಿದ್ದರು. ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಹಾಕುವುದೂ ಇತ್ತು. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿ ಇನ್ನು ಮುಂದೆ ಅದು ಬಡ್ಡಿಯಲ್ಲ, ‘ಪೀನಲ್ ಚಾರ್ಜ್’ ಮಾತ್ರ, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸಬಾರದು ಎಂದಿತು. 2024ರ ಏಪ್ರಿಲ್ 1ರಿಂದ ಹೊಸ ಸಾಲಗಳಿಗೆ ಇದು ಜಾರಿಯಾಗಿದೆ. ಪದ ಬದಲಾದರೆ ಏನಾಯ್ತು ಅನ್ನಬೇಡಿ. ಬಡ್ಡಿಯಾಗಿದ್ದರೆ ಮರಿ ಹಾಕುತ್ತಿತ್ತು, ಚಾರ್ಜ್ ಆದ್ದರಿಂದ ಮರಿ ಹಾಕುವುದಿಲ್ಲ.

ಸಂಘದ ಸಾಲದ ಬಗ್ಗೆ ಇನ್ನೊಂದು ಮಾತು. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆದ್ಯತಾ ವಲಯದ ನಿಯಮದ ಪ್ರಕಾರ 50,000 ರೂಪಾಯಿವರೆಗಿನ ಆದ್ಯತಾ ಸಾಲಕ್ಕೆ ಬ್ಯಾಂಕುಗಳು ಸರ್ವಿಸ್ ಚಾರ್ಜ್, ತಪಾಸಣೆ ಚಾರ್ಜ್ ಹಾಕುವಂತಿಲ್ಲ. ಮೊದಲು ಈ ಮಿತಿ 25,000 ಇತ್ತು. ಸ್ವಸಹಾಯ ಸಂಘಕ್ಕೆ ಬಂದಾಗ ಈ ಮಿತಿಯನ್ನು ಇಡೀ ಸಂಘಕ್ಕೆ ಅಲ್ಲ, ತಲಾ ಒಬ್ಬ ಸದಸ್ಯೆಗೆ ಲೆಕ್ಕ ಹಾಕಬೇಕು. 15 ಸದಸ್ಯೆಯರ ಸಂಘಕ್ಕೆ 6 ಲಕ್ಷ ಸಾಲ ಬಂದರೆ ತಲಾ 40,000 ಆಯಿತು, ಮಿತಿಯೊಳಗೇ ಇದೆ. “ನಿಮ್ಮದು 6 ಲಕ್ಷದ ದೊಡ್ಡ ಸಾಲ, ಚಾರ್ಜ್ ಆಗುತ್ತದೆ” ಎಂದು ಯಾರಾದರೂ ಹೇಳಿದರೆ, ಈ ಸಾಲ ಆದ್ಯತಾ ವಲಯದ್ದು ತಾನೇ, ತಲಾ ಲೆಕ್ಕ ಹಾಕಿದ್ದೀರಾ ಎಂದು ಮ್ಯಾನೇಜರ್ ಅವರನ್ನು ವಿನಯದಿಂದ, ಆದರೆ ಬಿಡದೆ ಕೇಳಿ. ಉತ್ತರವನ್ನು ಬರಹದಲ್ಲಿ ಕೊಡಲು ಹೇಳಿ.

ಇನ್ನು ಜಮೀನಿನ ಮೇಲಿನ ಚಾರ್ಜ್. ಇಲ್ಲಿ ಚಾರ್ಜ್ ಅಂದರೆ ಕಟ್ಟುವ ದುಡ್ಡಲ್ಲ. ಜಮೀನು ನಿಮ್ಮದೇ, ಉಳುವವರೂ ನೀವೇ. ಆದರೆ ಒಂದು ಹಣ ತೀರುವ ತನಕ ಆ ಜಮೀನು ಅದಕ್ಕೆ ಭದ್ರತೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಮು ಇದನ್ನು ಹೇಳುತ್ತದೆ. ನಮ್ಮಲ್ಲಿ ಇದನ್ನು ನೋಡುವುದು ಪಹಣಿಯ 11ನೇ ಕಾಲಂನಲ್ಲಿ. ‘ಇತರೆ ಹಕ್ಕುಗಳು ಮತ್ತು ಋಣಗಳು’ ಎಂಬ ಆ ಕಾಲಂನಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಹೆಸರಿದ್ದರೆ ಜಮೀನಿನ ತಲೆ ಮೇಲೆ ಹೊರೆ ಇದೆ ಎಂದರ್ಥ. ನೋಂದಣಿ ಕಚೇರಿಯಿಂದ ಪಡೆಯುವ ಋಣಭಾರ ಪತ್ರವೂ ಬೇಕು. ನಾವು ‘ಇಸಿ’ ಅನ್ನುವುದು ಅದನ್ನೇ. ವ್ಯವಹಾರಗಳಿದ್ದರೆ ಅದು ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ. ಸೈಟು ಕೊಳ್ಳುವಾಗ ಎರಡೂ ಕಡೆ ನೋಡಿ. ಹೊರೆ ಇರುವ ಜಮೀನು ಕೊಂಡರೆ ಹೊರೆಯೂ ಜೊತೆಗೇ ಬರಬಹುದು.

ಇದೇ ಚಾರ್ಜ್ ಹೆಂಗಸಿನ ಪರವಾಗಿಯೂ ನಿಲ್ಲುತ್ತದೆ. ಇದು ಅನೇಕರಿಗೆ ಗೊತ್ತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ನ್ಯಾಯಾಲಯ ಜೀವನಾಂಶ ಕೊಡಿಸುವಾಗ, ಬೇಕೆನಿಸಿದರೆ ಆ ಹಣಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಚಾರ್ಜ್ ಹಾಕಬಹುದು. ಬರೀ ತಿಂಗಳಿಗಿಷ್ಟು ಕೊಡು ಎಂಬ ಆದೇಶಕ್ಕಿಂತ ಇದು ಗಟ್ಟಿ. ಯಾಕೆಂದರೆ ಹಣಕ್ಕೆ ಆಸ್ತಿಯೇ ಭದ್ರತೆಯಾಗುತ್ತದೆ. ಹೀಗೆ ಕೋರ್ಟು ತಾನಾಗಿ ಮಾಡುತ್ತದೆಂದು ಕಾಯಬೇಡಿ. ಇಂಥ ಕೇಸು ನಡೆಸುತ್ತಿರುವ ಸಹೋದರಿ ನಿಮ್ಮ ಸಂಘದಲ್ಲಿದ್ದರೆ ಆಕೆ ವಕೀಲರ ಬಳಿ ಈ ಮಾತು ಎತ್ತಬೇಕು.

ಹೇರಿದ ಹೊರೆ ಇಳಿಸಲೂ ಬೇಕಲ್ಲ? ಅದೇ ‘ಡಿಸ್‌ಚಾರ್ಜ್’. ಆಸ್ಪತ್ರೆಯಿಂದ ಡಿಸ್‌ಚಾರ್ಜ್ ಆಗುವಾಗ ಚೀಟಿ ಇಸಿದುಕೊಳ್ಳದೆ ಯಾರೂ ಬರುವುದಿಲ್ಲ. ಸಾಲ ತೀರಿದಾಗ ಮಾತ್ರ ಕೊನೆಯ ಕಂತಿನ ರಸೀದಿ ಹಿಡಿದು ಮನೆಗೆ ಬಂದುಬಿಡುತ್ತೇವೆ. ಪಹಣಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಮಗಳ ಮದುವೆಗೋ ಓದಿಗೋ ಮತ್ತೆ ಸಾಲ ಬೇಕಾದಾಗ ಅದು ಅಡ್ಡ ಬರುತ್ತದೆ. ಆದುದರಿಂದ ಬಾಕಿ ಇಲ್ಲ ಎಂಬ ಪತ್ರ ಪಡೆದು, 11ನೇ ಕಾಲಂ ಖಾಲಿಯಾದ ಹೊಸ ಪಹಣಿ ಕೈಗೆ ಬಂದ ಮೇಲೆಯೇ ಸಾಲ ತೀರಿತು ಅನ್ನಿ. ಮನೆ ಸಾಲದಂಥ ವೈಯಕ್ತಿಕ ಸಾಲಗಳಿಗೆ 2023ರ ಡಿಸೆಂಬರ್ 1ರಿಂದ ಇನ್ನೊಂದು ನಿಯಮವಿದೆ. ಪೂರ್ತಿ ತೀರಿಸಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂತಿರುಗಿಸಿ, ದಾಖಲಾದ ಚಾರ್ಜ್ ತೆಗೆಸಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು.

ಚಾರ್ಜ್‌ಶೀಟ್ ಬಗ್ಗೆ ಸ್ವಲ್ಪ. ತನಿಖೆ ಮುಗಿಸಿ ಪೊಲೀಸರು ನ್ಯಾಯಾಲಯಕ್ಕೆ ಕೊಡುವ ವರದಿ ಇದು. ಅಲ್ಲಿಗೆ ಆರೋಪ ಹೊರಿಸಿದಂತಾಯಿತು, ಅಪರಾಧ ಸಾಬೀತಾದಂತಲ್ಲ. ಊರಿನ ಬಾಯಿ ಮಾತ್ರ ಅವತ್ತೇ ತೀರ್ಪು ಕೊಟ್ಟುಬಿಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅದಕ್ಕೆ ‘ಚಾರ್ಜ್’ ಇಲ್ಲ. ತನಿಖೆ ಎಲ್ಲಿಗೆ ಬಂತು ಎಂಬುದನ್ನೂ 90 ದಿನಗಳೊಳಗೆ ತಿಳಿಸಬೇಕು.

ಕೊನೆಗೆ ನಮ್ಮ ಸಂಘದೊಳಗಿನ ಚಾರ್ಜ್. ಪ್ರತಿನಿಧಿಗಳು ಬದಲಾದಾಗ “ಇನ್ನು ಮೇಲೆ ನೀವೇ ನೋಡ್ಕೊಳ್ಳಿ ಅಕ್ಕ” ಎಂದು ಪುಸ್ತಕದ ಚೀಲ ಕೊಟ್ಟುಬಿಡುವುದು ಚಾರ್ಜ್ ಕೊಟ್ಟ ಹಾಗಲ್ಲ. ಕೈಯಲ್ಲಿರುವ ನಗದು ಎಷ್ಟು, ಬ್ಯಾಂಕಿನಲ್ಲಿ ಎಷ್ಟು, ಯಾರ ಬಳಿ ಎಷ್ಟು ಸಾಲ ಬಾಕಿ, ಯಾವ ಯಾವ ಪುಸ್ತಕ, ಎಷ್ಟು ಖಾಲಿ ಚೆಕ್ ಹಾಳೆ ಎಂಬುದನ್ನು ಎಲ್ಲರೆದುರು ಎಣಿಸಿ, ನಿರ್ಣಯ ಪುಸ್ತಕದಲ್ಲಿ ಬರೆದು, ಕೊಟ್ಟವರೂ ತೆಗೆದುಕೊಂಡವರೂ ಸಹಿ ಹಾಕಬೇಕು. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ನಿರ್ಣಯದ ಪ್ರತಿ ಕೊಡಬೇಕು. ಹಾಗೆ ಮಾಡದಿದ್ದರೆ ಹಳೆಯ ಪ್ರತಿನಿಧಿ ಮನೆಯಲ್ಲಿ ಕುಳಿತಿದ್ದರೂ ಹೊರೆ ಆಕೆಯ ತಲೆ ಮೇಲೇ ಇರುತ್ತದೆ. ಹೊಸಬರು ಮಾಡಿದ್ದಕ್ಕೂ ಆಕೆಯನ್ನೇ ಕೇಳುವ ಪ್ರಸಂಗ ಬರಬಹುದು.

ಮುಂದಿನ ವಾರದ ಸಭೆಗೆ ಒಂದು ಕೆಲಸ: ಸಂಘದ ಪಾಸ್‌ಪುಸ್ತಕವನ್ನು ಬ್ಯಾಂಕಿನಲ್ಲಿ ಮುದ್ರಿಸಿ ತನ್ನಿ. ಕಳೆದ ಆರು ತಿಂಗಳಲ್ಲಿ ಚಾರ್ಜ್ ಎಂದು ಕಡಿತವಾದ ಸಾಲುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಕೆಲವೆಡೆ ಪೂರ್ತಿ ಪದ ಇರುವುದಿಲ್ಲ, ಬರೀ ಎರಡು ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಓದಲು ಬರುವ ಮಕ್ಕಳ ಸಹಾಯ ಪಡೆಯಿರಿ. ಒಟ್ಟು ಎಷ್ಟಾಯಿತು ಎಂದು ಕೂಡಿಸಿ. ಯಾವುದಕ್ಕೆ ಎಂದು ತಿಳಿಯದ ಸಾಲುಗಳನ್ನು ಬೇರೆ ಹಾಳೆಯಲ್ಲಿ ಬರೆದು, ಇಬ್ಬರು ಸದಸ್ಯೆಯರು ಬ್ಯಾಂಕಿಗೆ ಹೋಗಿ ಕೇಳಿ ಬರಲಿ. ಸ್ವಂತ ಜಮೀನಿರುವವರು ಹೊಸ ಪಹಣಿ ತೆಗೆಸಿ 11ನೇ ಕಾಲಂ ಓದಿ ಬನ್ನಿ.