ಅಳತೆ ಟೇಪು ಹಿಡಿದು ಕಲಿತದ್ದು

ಹೈದರಾಬಾದಿನ ನಾಚಾರಂನಲ್ಲಿರುವ ಒಳಉಡುಪಿನ ಅಂಗಡಿಯೊಂದರಲ್ಲಿ ಹೆಂಗಸರಿಗೆ ಬ್ರಾ ಅಳೆದು ಕೊಡುವುದು ನನ್ನ ಕೆಲಸ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಮುಗಿಸಿದವರು, ಇಎಸ್ಐ ಆಸ್ಪತ್ರೆಯ ನರ್ಸುಗಳು, ಬೀದರ್, ಕಲಬುರಗಿ ಕಡೆಯಿಂದ ಬಂದು ಇಲ್ಲೇ ಮನೆ ಮಾಡಿದ ನಮ್ಮವರು, ಎಲ್ಲರೂ ಬರುತ್ತಾರೆ. ಬಂದವರು ತಗ್ಗಿದ ದನಿಯಲ್ಲಿ ಒಂದು ನಂಬರು ಹೇಳುತ್ತಾರೆ. ಎಷ್ಟೋ ಸಲ ಆ ನಂಬರೇ ತಪ್ಪಿರುತ್ತದೆ.

1. ಭಾರ ಹೊರಬೇಕಾದದ್ದು ಭುಜವಲ್ಲ, ಕೆಳಗಿನ ಪಟ್ಟಿ. ದಿನವಿಡೀ ನಿಂತು ಪ್ಯಾಕಿಂಗ್ ಮಾಡುವ ಒಬ್ಬಾಕೆ "ಅಕ್ಕಾ, 38ಬಿ ಕೊಡ್ರಿ, ಬಿಗಿ ಇರಬಾರ್ದು ನೋಡ್ರಿ" ಎಂದಳು. ಎರಡೂ ಭುಜದ ಮೇಲೆ ಸ್ಟ್ರಾಪ್ ಕೊರೆದು ಕಪ್ಪಾಗಿತ್ತು. ಬೆನ್ನ ಪಟ್ಟಿ ಮೇಲಕ್ಕೆ ಏರಿ ಕೂತಿತ್ತು. ಟೇಪು ಹಿಡಿದರೆ ಎದೆಯ ಕೆಳಗೆ 33 ಇಂಚು, ತುಂಬಿದ ಕಡೆ 38. ನಾನು 34ಡಿ ಕೊಟ್ಟೆ. "ಇಷ್ಟ್ ಬಿಗಿ ಯಾಕ್ರಿ?" ಎಂದಳು. ಎರಡೂ ಕೈ ಮೇಲೆತ್ತಿಸಿದೆ, ಪಟ್ಟಿ ಕದಲಲಿಲ್ಲ. ಆಮೇಲೆ ಸ್ಟ್ರಾಪ್ ಸಡಿಲಿಸಿದೆ. ಭುಜ ತಿರುಗಿಸಿ ನೋಡಿಕೊಂಡು, "ಹಗುರಾತು" ಎಂದಳು.

2. "ಡಿ" ಎಂದರೆ ದಪ್ಪ ಎಂದಲ್ಲ. ಪಟ್ಟಿಯ ನಂಬರಿಗೂ ತುಂಬಿದೆದೆಯ ಅಳತೆಗೂ ಇರುವ ಅಂತರವೇ ಕಪ್: 1 ಇಂಚಿಗೆ ಎ, 2ಕ್ಕೆ ಬಿ, 3ಕ್ಕೆ ಸಿ, 4ಕ್ಕೆ ಡಿ. 38ಬಿ, 36ಸಿ, 34ಡಿ ಮೂರರ ಕಪ್ಪಿನಲ್ಲೂ ಹಿಡಿಸುವುದು ಹೆಚ್ಚುಕಡಿಮೆ ಅಷ್ಟೇ; ಬದಲಾಗುವುದು ಪಟ್ಟಿ. ಸಣ್ಣ ಅಂಗಡಿಗಳಲ್ಲಿ ಬಿ ಕಪ್ ಬಿಟ್ಟರೆ ಬೇರೆ ಮಾಲು ಕಡಿಮೆ. ಹಾಗಾಗಿ ಕಪ್ ಸಾಲದವರ ಕೈಗೆ ದೊಡ್ಡ ಪಟ್ಟಿ ಬರುತ್ತದೆ. ಇದರಲ್ಲಿ ನಿಮ್ಮ ಮೈಯ ತಪ್ಪು ಏನೂ ಇಲ್ಲ.

3. ಕೆಲವು ಕಂಪನಿಗಳ ಚಾರ್ಟಿನಲ್ಲಿ ಎದೆಯ ಕೆಳಗಿನ ಅಳತೆಗೆ 4–5 ಇಂಚು ಸೇರಿಸಿ ನಂಬರು ಕೊಡುತ್ತಾರೆ, ಕೆಲವರಲ್ಲಿ ಹಾಗಿಲ್ಲ. ಕಂಪನಿ ಬದಲಾದರೆ ಮತ್ತೆ ಹಾಕಿಯೇ ನೋಡಬೇಕು.

4. ಹೊಸದನ್ನು ತೀರಾ ಹೊರಗಿನ ಹುಕ್ಕಿಗೆ ಹಾಕಿ ನೋಡಿ. ಒಗೆದೊಗೆದು ಎಲಾಸ್ಟಿಕ್ ಸಡಿಲಾದಂತೆ ಒಳಗಿನ ಹುಕ್ಕಿಗೆ ಬರಬಹುದು. ಮೊದಲ ದಿನವೇ ತೀರಾ ಒಳಗಿನ ಹುಕ್ಕು ಬೇಕಾದರೆ ಅದು ನಿಮ್ಮ ಸೈಜಲ್ಲ. ಸ್ವಲ್ಪ ಮುಂದಕ್ಕೆ ಬಾಗಿ, ಕಂಕುಳ ಕಡೆಯ ಮಾಂಸವನ್ನು ಕೈಯಿಂದ ಕಪ್ಪಿನೊಳಗೆ ಸರಿಸಿಕೊಳ್ಳಿ. ಈ ಹಂತವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಕಪ್ ಸುಕ್ಕಾದರೆ ದೊಡ್ಡದು, ಮೇಲೆ ಉಕ್ಕಿದರೆ ಚಿಕ್ಕದು. ತಂತಿ ಇರುವುದಾದರೆ ನಡುವಿನ ಭಾಗ ಎದೆಮೂಳೆಗೆ ತಾಗಬೇಕು, ತಂತಿ ಸ್ತನದ ಮೇಲೆ ಕೂರಬಾರದು. ಕುರ್ತಾ ಹಾಕಿಕೊಂಡು ಒಮ್ಮೆ ಕೂತು ನೋಡಿ.

5. ನೀವು ಹೋಗುವ ಅಂಗಡಿಯ ಕೌಂಟರಿನಲ್ಲಿ ಗಂಡಸರಿದ್ದು ಟ್ರಯಲ್ ರೂಮು ಇಲ್ಲದಿದ್ದರೆ ಎರಡೂ ಅಳತೆ ಮನೆಯಲ್ಲೇ ತೆಗೆದು ಚೀಟಿಯಲ್ಲಿ ಬರೆದು ಒಯ್ಯಿರಿ. ಒಳಉಡುಪನ್ನು ವಾಪಸು ತೆಗೆದುಕೊಳ್ಳುವ ಅಂಗಡಿ ಅಪರೂಪ, ಆದ್ದರಿಂದ ದುಡ್ಡು ಕೊಡುವ ಮೊದಲೇ ಕೇಳಿ. ವಾಪಸಿಗೆ ಒಪ್ಪದಿದ್ದರೆ ಹಬ್ಸಿಗುಡ, ತಾರ್ನಾಕ ಕಡೆ ಟ್ರಯಲ್ ರೂಮಿರುವ ಅಂಗಡಿ ಹುಡುಕಿಕೊಂಡು ಹೋಗಿ, ಆಟೋ ಖರ್ಚು ದಂಡವಲ್ಲ. ಭಾನುವಾರ ಸಂಜೆ ಮಾತ್ರ ಬೇಡ. ಆ ಗದ್ದಲದಲ್ಲಿ ನಮಗೂ ನಿಂತು ಅಳೆಯಲು ಆಗುವುದಿಲ್ಲ.

6. ಮಗಳಿಗೆ ಮೊದಲ ಬ್ರಾ ಕೊಡಿಸಲು ಬಂದ ತಾಯಂದಿರು ಮಗಳ ಉತ್ತರವನ್ನೂ ತಾವೇ ಹೇಳುತ್ತಾರೆ. ಎಲ್ಲಿ ಚುಚ್ಚುತ್ತದೆ ಎಂದು ನಾನು ಹುಡುಗಿಯನ್ನೇ ಕೇಳುತ್ತೇನೆ.

7. ಬಾಣಂತಿಯಾಗುವವರು ಹೆರಿಗೆಗೆ ಮುಂಚೆ ಅರ್ಧ ಡಜನ್ ಕೊಂಡಿಡಬೇಡಿ. ಹಾಲಿಳಿದ ಮೊದಲ ವಾರಗಳಲ್ಲಿ ಅಳತೆ ಏರಿಳಿಯುತ್ತದೆ. ಅಲ್ಲಿಯವರೆಗೆ ತಂತಿಯಿಲ್ಲದ, ಮೆತ್ತನೆಯ ಎರಡು ಮೂರು ಸಾಕು. ಆಮೇಲೆ ಬನ್ನಿ, ಹೊಸದಾಗಿ ಅಳೆಯೋಣ.