ಮನೆಯ ಹಣ: ಮುರ್ಬಾಡಿಗೊಂದು ದಾರಿ, ಡೊಂಬಿವಲಿಗೊಂದು ದಾರಿ

ಡೊಂಬಿವಲಿ ಸುತ್ತಲಿನ 27 ಹಳ್ಳಿಗಳು 2015ರಲ್ಲಿ ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಗೆ ಸೇರಿದವು. ಇಂಥ ಗಡಿರೇಖೆಯೊಂದು ಬಡವರ ಮನೆಯ ಹಣದ ದಾರಿಯನ್ನೇ ಬದಲಿಸಿಬಿಡುತ್ತದೆ. ಪಾಲಿಕೆ, ನಗರಪಂಚಾಯತಿಯೊಳಗೆ ಇರುವವರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ. ಗ್ರಾಮಪಂಚಾಯತಿಯಲ್ಲಿ ಇರುವವರಿಗೆ ಗ್ರಾಮೀಣ ವಿಭಾಗ. ಮನೆ ಯಾವ ಸಂಸ್ಥೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಠಾಣೆ ಜಿಲ್ಲೆಯ ಮುರ್ಬಾಡ್, ಶಹಾಪುರ, ಭಿವಂಡಿ ತಾಲ್ಲೂಕುಗಳ ಹಳ್ಳಿಗರು ಗ್ರಾಮೀಣ ಯೋಜನೆಯ ಮನೆಯನ್ನು ‘ಘರ್‌ಕುಲ್’ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಒಂದು ಮನೆಗೆ ಕೇಂದ್ರ ನಿಗದಿ ಮಾಡಿದ ನೆರವು 1.20 ಲಕ್ಷ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. 2016ರಲ್ಲಿ ಗೊತ್ತುಮಾಡಿದ ಈ ಮೊತ್ತವನ್ನು 2024ರ ವಿಸ್ತರಣೆಯಲ್ಲೂ ಹೆಚ್ಚಿಸಲಿಲ್ಲ; ಸಿಮೆಂಟು, ಕಬ್ಬಿಣ, ಮರಳಿನ ಬೆಲೆ ಬಲ್ಲವರಿಗೆ ಇದು ಅನ್ಯಾಯವೆಂದು ವಿವರಿಸಬೇಕಾಗಿಲ್ಲ. ನಗರ ವಿಭಾಗದಲ್ಲಿ ಸ್ವಂತ ಜಾಗದಲ್ಲಿ ಕಟ್ಟುವವರಿಗೆ 2.5 ಲಕ್ಷದವರೆಗೆ ನೆರವಿದೆ. ಕಾತ್ಕರಿ ಬುಡಕಟ್ಟಿನ ಕುಟುಂಬಗಳಿಗೆ, ಅತಿ ಹಿಂದುಳಿದ ಬುಡಕಟ್ಟುಗಳಿಗಾಗಿ ಇರುವ ಕೇಂದ್ರದ ಪಿಎಂ-ಜನಮನ್ ಯೋಜನೆಯಡಿ 2 ಲಕ್ಷ ಸಿಗುತ್ತದೆ.

ಗ್ರಾಮೀಣ ಯೋಜನೆಯ ಫಲಾನುಭವಿಗಳ ಪಟ್ಟಿಗೆ ಒಪ್ಪಿಗೆ ಕೊಡುವುದು ಗ್ರಾಮಸಭೆ. ಹೆಸರು ಬಿಟ್ಟುಹೋದರೆ ಅಲ್ಲೇ ಎದ್ದು ಕೇಳಬೇಕು, ತಕರಾರನ್ನು ನಡಾವಳಿಯಲ್ಲಿ ಬರೆಸಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಮೇಲ್ಮನವಿ ಸಮಿತಿಯಿದೆ. ಬೈಕ್ ಇದ್ದವರಿಗೆ ಮನೆ ಇಲ್ಲ ಎಂಬ ಮಾತನ್ನು ನಂಬಬೇಡಿ: 2024ರಲ್ಲಿ ಆ ನಿಯಮ ತೆಗೆದುಹಾಕಿ, ಆದಾಯದ ಮಿತಿಯನ್ನೂ ತಿಂಗಳಿಗೆ 15,000 ರೂಪಾಯಿಗೆ ಏರಿಸಲಾಗಿದೆ. ಕಂತುಗಳು ನೇರವಾಗಿ ಫಲಾನುಭವಿಯ ಬ್ಯಾಂಕ್ ಖಾತೆಗೆ ಬರುತ್ತವೆ. ಹಣ ಕೇಳುವ ಮಧ್ಯವರ್ತಿಗೆ ಇಲ್ಲಿ ಕೆಲಸವೇ ಇಲ್ಲ. ಕಂತು ತಡವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಂಚಾಯತ್ ಸಮಿತಿಗೆ ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರ ಕೊಡಲೇಬೇಕು.

ನಗರದವರ ಲೆಕ್ಕ ಬೇರೆ. ವರ್ಷಕ್ಕೆ 9 ಲಕ್ಷದವರೆಗೆ ಆದಾಯವಿರುವ ಕುಟುಂಬಗಳಿಗೆ 2024ರ ಸೆಪ್ಟೆಂಬರ್‌ನಿಂದ ಎರಡನೇ ಹಂತದ ಯೋಜನೆ ಇದೆ; ಗೃಹಸಾಲದ ಬಡ್ಡಿಗೆ ಒಟ್ಟು 1.80 ಲಕ್ಷದವರೆಗೆ ಸಹಾಯಧನವುಂಟು. ಕಲ್ಯಾಣ ತಾಲ್ಲೂಕಿನ ಶಿರ್‌ಢೋಣ್, ಖೋಣಿಗಳಲ್ಲಿ ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಮನೆಗಳಿವೆ, ತಳೋಜದಲ್ಲಿ ಸಿಡ್ಕೋ (ರಾಜ್ಯದ ನಗರ ಅಭಿವೃದ್ಧಿ ನಿಗಮ) ಮನೆಗಳಿವೆ. ಕನ್ನಡಿಗರು ಎಡವುವ ಜಾಗ ಒಂದಿದೆ. ದೇಶದ ಯಾವ ಊರಿನಲ್ಲೇ ಆಗಲಿ, ಕುಟುಂಬಕ್ಕೆ ಪಕ್ಕಾ ಮನೆ ಇದ್ದರೆ ಅರ್ಹತೆ ಇಲ್ಲ. ಕಲಬುರಗಿಯ ಮನೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಕುಟುಂಬ ಎಂದರೆ ಇಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಮಾತ್ರ. ಅಪ್ಪನ ಹೆಸರಿನಲ್ಲಿರುವ ಮನೆ, ಮದುವೆಯಾದ ಮಗನ ಅರ್ಜಿಗೆ ಅಡ್ಡಿಯಲ್ಲ.

ನಗರದಲ್ಲಿ ಮನೆ ಕೊಳ್ಳುವ ಮುನ್ನ ಕಟ್ಟಡದ ಪರವಾನಗಿಯನ್ನು ಪಾಲಿಕೆಯಲ್ಲೇ ಪರಿಶೀಲಿಸಿ. ಕಲ್ಯಾಣ–ಡೊಂಬಿವಲಿಯಲ್ಲಿ ನಕಲಿ ಪರವಾನಗಿ ತೋರಿಸಿ ಮಹಾರೇರಾ (ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪಡೆದ 65 ಅಕ್ರಮ ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಿತು. ಸಾಲ ಮಾಡಿ ಮನೆ ಕೊಂಡಿದ್ದ ಕುಟುಂಬಗಳು ಬೀದಿಗೆ ಬೀಳುವ ಸ್ಥಿತಿ ಬಂತು.

ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬೈಯ ಕನ್ನಡ ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರೂ ವಕೀಲರೂ ಇದ್ದಾರೆ. ಅವರು ಭಾನುವಾರ ಒಂದೆರಡು ಗಂಟೆ ಕುಳಿತು ಇಂಥ ಅರ್ಜಿಗಳನ್ನು ತುಂಬಿಸಿಕೊಡಲಿ. ಮುರ್ಬಾಡ್, ಶಹಾಪುರದಿಂದ ಕೂಲಿಗೆ ಬರುವವರಿಗೂ ಸಂಘಗಳ ಬಾಗಿಲು ತೆರೆದಿರಲಿ.