ಬೆಳಗಿನ ಕಟಕಟಕ್ಕೆ ಎಷ್ಟು ದುಡ್ಡು?

ಪಾವಗಡದಲ್ಲಿ ಕಡಲೆಕಾಯಿ ಮೂಟೆ ಹೇರಿಕೊಂಡು ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಹೊರಡುವ ಲಗೇಜ್ ಗಾಡಿಗೆ ಹೆಚ್ಚುಕಡಿಮೆ 100 ಕಿಲೋಮೀಟರ್ ದಾರಿ. ಜನವರಿಯ ಬೆಳಗಿನ ಜಾವ ಸ್ಟಾರ್ಟ್ ಮಾಡಿದೊಡನೆ ಇಂಜಿನ್ ಕಟಕಟ ಅಂದರೆ ಓನರ್ ಎದೆಯೂ ಹೊಡೆದುಕೊಳ್ಳುತ್ತದೆ. ಆ ಗಾಬರಿಯಲ್ಲೇ ಇಂಜಿನ್ ಇಳಿಸಲು ಒಪ್ಪಿಬಿಟ್ಟರೆ ತಿಂಗಳುಗಟ್ಟಲೆ ದುಡಿದದ್ದು ಒಂದೇ ಬಿಲ್ಲಿಗೆ ಹೋಗುತ್ತದೆ. ನನ್ನ ಪ್ರಕಾರ ಮೊದಲು ಗಡಿಯಾರ ನೋಡಬೇಕು. ಸದ್ದು ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಹೆಚ್ಚು ಹೇಳುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿನ ಚೇಂಬರಿಗೆ ಇಳಿದಿರುತ್ತದೆ; ಅದು ಮೇಲೇರಿ ಟ್ಯಾಪೆಟ್ ಮುಟ್ಟುವ ತನಕ ಕೆಲವು ಸೆಕೆಂಡ್ ಟಿಕ್ ಟಿಕ್ ಸಹಜ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ತಣ್ಣಗಿದ್ದಾಗ ಸಿಲಿಂಡರಿನಲ್ಲಿ ತುಸು ಸಡಿಲವಾಗಿದ್ದು ಗೋಡೆಗೆ ಬಡಿಯುತ್ತದೆ. ಬಿಸಿಯಾಗಿ ಹಿಗ್ಗಿದ ಮೇಲೆ ಆ ಸದ್ದು ಅಡಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಇನ್ನೊಂದು ಕಾರಣವೂ ಇದೆ. ತಣ್ಣನೆಯ ಗಾಳಿಯಲ್ಲಿ ಡೀಸೆಲ್ ತಡವಾಗಿ ಹೊತ್ತಿ, ಅಷ್ಟರಲ್ಲಿ ಸೇರಿದ್ದೆಲ್ಲ ಒಮ್ಮೆಲೇ ಉರಿದು ಬಡಿಯುತ್ತದೆ. ಹೀಟರ್ ಪ್ಲಗ್ ಕೆಟ್ಟಿದ್ದರೆ ಇದು ಇನ್ನೂ ಜಾಸ್ತಿ, ಆದರೆ ಪ್ಲಗ್ ಬದಲಿಸುವ ಖರ್ಚು ಇಂಜಿನ್ ಕೆಲಸದ ಮುಂದೆ ಏನೂ ಅಲ್ಲ.

ಹೀಗೆ ಕಾಯುತ್ತ ಕೂತರೆ ಸಣ್ಣ ರಿಪೇರಿ ದೊಡ್ಡದಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಿದ್ದರೆ ಅವರ ಮಾತು ಪೂರಾ ನಿಜ. ಅದರ ಸದ್ದು ದಪ್ಪ, ಧಡ್ ಧಡ್ ಎಂದು ರೇಸ್ ಕೊಟ್ಟಷ್ಟೂ ಏರುತ್ತದೆ, ಇಂಜಿನ್ ಕಾದ ಮೇಲೂ ನಿಲ್ಲುವುದಿಲ್ಲ. ಅದರ ಜೊತೆಗೆ ಆಯಿಲ್ ದೀಪ ಹತ್ತಿತೋ, ಅಲ್ಲೇ ಆಫ್ ಮಾಡಿ ಎಳೆಸಿಕೊಂಡೇ ಹೋಗಬೇಕು. ಇನ್ನೊಂದು ಟ್ರಿಪ್ಪಿನ ಬಾಡಿಗೆ ಆಸೆಗೆ ಓಡಿಸಿದರೆ ಕ್ರ್ಯಾಂಕ್ ಕೂಡ ಹೋಗುತ್ತದೆ. ಉಳಿದ ಸದ್ದುಗಳಿಗೆ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ, ಎರಡು ಮೂರು ದಿನ ಬೆಳಗ್ಗೆ ಸದ್ದು ನಿಲ್ಲುವ ಹೊತ್ತು ಬರೆದಿಡುವುದರಿಂದ ನಷ್ಟವೇನೂ ಇಲ್ಲ. ದಿನದಿನಕ್ಕೆ ಆ ಹೊತ್ತು ಬೆಳೆಯುತ್ತಿದ್ದರೆ ಆಗ ಮೆಕ್ಯಾನಿಕ್ ಹತ್ತಿರ ಹೋಗಿ, ಆಯಿಲ್ ಪ್ರೆಶರ್ ಅಳೆಸಿದ ಮೇಲೆಯೇ ಬಿಚ್ಚುವ ಮಾತಾಡಬೇಕು. ದಪ್ಪ ಆಯಿಲ್ ಹಾಕಿದರೆ ಸದ್ದು ಅಡಗುತ್ತದಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಕಂಪನಿ 5ಡಬ್ಲ್ಯೂ-30 ಎಂದು ಹೇಳಿದ ಇಂಜಿನ್ನಿಗೆ 20ಡಬ್ಲ್ಯೂ-50 ಸುರಿದರೆ ಚಳಿಯಲ್ಲಿ ಅದು ಮೇಲೇರುವುದೇ ನಿಧಾನ. ಸದ್ದು ಮುಚ್ಚುತ್ತದೆ, ಸವೆತ ನಡೆದೇ ಇರುತ್ತದೆ.

ಇದೇ ಲೆಕ್ಕ ಶಿರಾದಲ್ಲೋ ತುಮಕೂರಿನಲ್ಲೋ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗಲೂ ಕೆಲಸಕ್ಕೆ ಬರುತ್ತದೆ. ಕೀಲಿ ಕೇಳುವ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಆಗಲೇ ಬೆಚ್ಚಗಿದ್ದರೆ ತಣ್ಣನೆಯ ಇಂಜಿನ್ನಿನ ಸದ್ದು ಕೇಳಿಸುವುದಿಲ್ಲ; ಅಡ್ವಾನ್ಸ್ ಜೇಬಿನಲ್ಲೇ ಇರಲಿ, ನಾಳೆ ಬೆಳಗ್ಗೆ ಆರಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಬನ್ನಿ.